ಧಾನ್ಯದಿಂದ ಇಂಧನ: ಶಕ್ತಿಯ ಜಮಾ-ಖರ್ಚು

(ಕೂಟದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಪಠ್ಯ)



ಸಾಹಿತ್ಯ, ಸಂಗೀತ, ನಾಟಕಗಳಿಗೆ ಮೀಸಲಾದ ಈ ವೇದಿಕೆಯಲ್ಲಿ ಮೆಕ್ಕೆಜೋಳವನ್ನೂ ಪೆಟ್ರೋಲನ್ನೂ ಕುರಿತು ಮಾತನಾಡಲು ಅವಕಾಶವಿತ್ತ ಕೂಟಕ್ಕೆ ನಮ್ಮ ಕೃತಜ್ಞತೆಗಳು ಸಲ್ಲುತ್ತವೆ. ವಿಷಯವು ಮೇಲ್ನೋಟಕ್ಕೆ ನೀರಸವೆನಿಸಬಹುದು. ಆದರೆ ಇಲ್ಲಿ ನೆರೆದಿರುವವರಲ್ಲಿ ಕಾರು ಇರುವ ಪ್ರತಿಯೊಂದು ಮನೆಯೂ ಈ ವ್ಯವಹಾರದಲ್ಲಿ ಪಾಲುದಾರನೇ ಆಗಿದೆ. ನ್ಯೂಯಾರ್ಕಿನ ಪೆಟ್ರೋಲ್ ಪಂಪುಗಳ ಮೇಲೆ 'ಶೇಕಡಾ 10ರವರೆಗೆ ಎಥನಾಲ್ ಬೆರೆತಿದೆ' ಎಂಬ ಅರ್ಥದ ಒಂದು ಚಿಕ್ಕ ಚೀಟಿ ಅಂಟಿರುತ್ತದೆ. ನ್ಯೂಜೆರ್ಸಿಯಲ್ಲಿ ಪಂಪಿನ ನೌಕರನೇ ತುಂಬಿಸಿಕೊಡುವುದು ಕಾನೂನಾದ್ದರಿಂದ ನಾವು ಕಾರಿನಿಂದ ಇಳಿಯುವುದಿಲ್ಲ. ಆ ಚೀಟಿ ನಮ್ಮ ಕಣ್ಣಿಗೆ ಬೀಳುವುದೂ ಇಲ್ಲ.

ಮೊದಲು ಒಂದು ಮನೆಯ ಲೆಕ್ಕವನ್ನು ಮಾಡೋಣ. ವರ್ಷಕ್ಕೆ 12,000 ಮೈಲಿ ಓಡುವ, ಗ್ಯಾಲನ್ನಿಗೆ 25 ಮೈಲಿ ಕೊಡುವ ಕಾರಿಗೆ 480 ಗ್ಯಾಲನ್ ಇಂಧನ ಬೇಕು. ಅದರಲ್ಲಿ ಹತ್ತರಲ್ಲೊಂದು ಪಾಲು, ಅಂದರೆ 48 ಗ್ಯಾಲನ್, ಎಥನಾಲ್. ಒಂದು ಬುಶೆಲ್ ಮೆಕ್ಕೆಜೋಳದಿಂದ, ಅಂದರೆ ಸುಮಾರು ಇಪ್ಪತ್ತೈದೂವರೆ ಕಿಲೋ ಕಾಳಿನಿಂದ, ಇಂದಿನ ಕಾರ್ಖಾನೆಗಳು ಸುಮಾರು 2.8 ಗ್ಯಾಲನ್ ಎಥನಾಲ್ ತೆಗೆಯುತ್ತವೆ. ಆ ಪ್ರಕಾರ ಒಂದು ಕಾರು ವರ್ಷಕ್ಕೆ ಸುಮಾರು 17 ಬುಶೆಲ್, ನಮ್ಮೂರ ಲೆಕ್ಕದಲ್ಲಿ ನಾಲ್ಕು ಕ್ವಿಂಟಲ್ಲಿಗೂ ಮಿಗಿಲಾದ ಕಾಳನ್ನು ಉಣ್ಣುತ್ತದೆ. ಇಷ್ಟು ಧಾನ್ಯವನ್ನು ಬೆಳೆದು, ಸಾಗಿಸಿ, ಬೇಯಿಸಿ, ಹುಳಿಯಿಸಿ, ಬಟ್ಟಿ ಇಳಿಸಲು ನಾವು ವ್ಯಯಿಸುವ ಶಕ್ತಿಗಿಂತ ಅದರಿಂದ ದೊರೆಯುವ ಶಕ್ತಿ ಹೆಚ್ಚೆ? ಅಥವಾ ಇದು ಬೆಟ್ಟ ಅಗೆದು ಇಲಿ ಹಿಡಿದಂತೆಯೆ? ಇದೇ ಇಂದಿನ ಪ್ರಶ್ನೆ.

ಈ ಪ್ರಶ್ನೆಯನ್ನು ನಾವು ಇಂದು ಎತ್ತಿಕೊಳ್ಳುವುದಕ್ಕೆ ಇನ್ನೊಂದು ಕಾರಣವುಂಟು. ಅಮೆರಿಕವು 40 ವರ್ಷಗಳಿಂದ ನಡೆದ ಹಾದಿಯಲ್ಲಿ ಕರ್ನಾಟಕವೂ ಈಗ ಹೆಜ್ಜೆ ಇಟ್ಟಿದೆ. ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳ ಇಂದು ಕೋಳಿಗಳ ಪಾಲಿಗೆ ಮಾತ್ರ ಹೋಗುತ್ತಿಲ್ಲ, ಬಟ್ಟಿಗೂ ಹೋಗುತ್ತಿದೆ. ಇಲ್ಲಿಯ ಲೆಕ್ಕಪುಸ್ತಕದಿಂದ ಅಲ್ಲಿಯವರು ಏನನ್ನು ಕಲಿಯಬಹುದು, ಏನನ್ನು ಕಣ್ಣುಮುಚ್ಚಿ ನಕಲು ಮಾಡಬಾರದು ಎಂಬುದನ್ನು ಎರಡೂ ಕಡೆ ಸಂಬಂಧವಿರುವ ನಾವು ಯೋಚಿಸಬೇಕಾಗಿದೆ.

ಇತಿಹಾಸದ ಎರಡು ಮಾತು

1973ರ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕದಲ್ಲಿ ಧಾನ್ಯದ ಇಂಧನಕ್ಕೆ ಸರ್ಕಾರದ ಒತ್ತಾಸೆ ಆರಂಭವಾಯಿತು. 1978ರ ಕಾಯಿದೆಯೊಂದು ಎಥನಾಲ್ ಬೆರೆಸಿದ ಪೆಟ್ರೋಲಿಗೆ ತೆರಿಗೆ ವಿನಾಯಿತಿ ನೀಡಿತು. ಬೇರೆ ಬೇರೆ ರೂಪದಲ್ಲಿ ಈ ರಿಯಾಯಿತಿ 2011ರ ಕೊನೆಯವರೆಗೂ ಮುಂದುವರಿಯಿತು. ನಮ್ಮ ಎರಡು ರಾಜ್ಯಗಳಿಗೆ ಎಥನಾಲ್ ವ್ಯಾಪಕವಾಗಿ ಬಂದದ್ದು ಇನ್ನೊಂದು ಬಾಗಿಲಿನಿಂದ. ಹೊಗೆಯನ್ನು ಕಡಿಮೆ ಮಾಡಲೆಂದು ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕವು ಅಂತರ್ಜಲವನ್ನು ಕೆಡಿಸುತ್ತದೆಂದು ತಿಳಿದು, ನ್ಯೂಯಾರ್ಕ್ 2004ರಿಂದಲೂ ನ್ಯೂಜೆರ್ಸಿ 2009ರಿಂದಲೂ ಅದನ್ನು ನಿಷೇಧಿಸಿದವು. ಅದರ ಸ್ಥಾನಕ್ಕೆ ಎಥನಾಲ್ ಬಂದಿತು. 2005 ಮತ್ತು 2007ರ ಒಕ್ಕೂಟ ಕಾಯಿದೆಗಳು ಇಂತಿಷ್ಟು ಜೈವಿಕ ಇಂಧನವನ್ನು ಬೆರೆಸಲೇಬೇಕೆಂದು ವಿಧಿಸಿದವು. ಇಂದು ದೇಶದಲ್ಲಿ ವರ್ಷಕ್ಕೆ ಸುಮಾರು 1500 ಕೋಟಿ ಗ್ಯಾಲನ್ ಎಥನಾಲ್ ತಯಾರಾಗುತ್ತದೆ. ದೇಶದ ಮೆಕ್ಕೆಜೋಳದ ಫಸಲಿನಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಅದಕ್ಕೆ ಸಲ್ಲುತ್ತದೆ.

ನ್ಯೂಯಾರ್ಕ್ ರಾಜ್ಯದಲ್ಲಿಯೂ ಇಂತಹ ಕಾರ್ಖಾನೆಗಳು ತಲೆಯೆತ್ತಿದವು. ಪಶ್ಚಿಮದ ಆರ್ಲೀನ್ಸ್ ಕೌಂಟಿಯ ಮೆಡೈನಾ ಊರಿನಲ್ಲಿ 2007ರಲ್ಲಿ ಆರಂಭವಾದುದು ಅವುಗಳಲ್ಲಿ ಮೊದಲನೆಯದು. ಸುತ್ತಲಿನ ಹೊಲಗಳ ಕಾಳನ್ನು ಕೊಂಡು ಇಂಧನವನ್ನು ತೆಗೆದು, ಉಳಿದ ಹಿಂಡಿಯನ್ನು ಹೈನುಗಾರರಿಗೆ ಮಾರುವುದು ಅದರ ಕ್ರಮ. ಆಸ್ವೀಗೊ ಕೌಂಟಿಯ ಫುಲ್ಟನ್ನಿನಲ್ಲಿ 1994ರಲ್ಲಿ ಮುಚ್ಚಿದ್ದ ದೊಡ್ಡ ಬಿಯರ್ ಕಾರ್ಖಾನೆಯ ಜಾಗದಲ್ಲಿ ಇನ್ನೊಂದು ಘಟಕ ತೆರೆಯಿತು. ಅದು 2009ರಲ್ಲಿ ದಿವಾಳಿಯಾಗಿ ಕೈ ಬದಲಾಯಿಸಿತು. ಬಿಯರ್ ಮಾಡುವ ಸೂಕ್ಷ್ಮಜೀವಿ ಮತ್ತು ಇಂಧನ ಮಾಡುವ ಸೂಕ್ಷ್ಮಜೀವಿ ಒಂದೇ. ವ್ಯತ್ಯಾಸವಿರುವುದು ಅದರ ಮುಂದಿನ ಕೆಲಸದಲ್ಲಿ, ಅಂದರೆ ನೀರನ್ನು ಬೇರ್ಪಡಿಸುವುದರಲ್ಲಿ. ಶಕ್ತಿಯ ಖರ್ಚಿನ ಗುಟ್ಟು ಇರುವುದೂ ಅಲ್ಲಿಯೇ.

ಶಕ್ತಿ ಎಲ್ಲಿ ಖರ್ಚಾಗುತ್ತದೆ?

ಕಾಳಿನ ಪಿಷ್ಟವನ್ನು ಬೇಯಿಸಿ, ಕಿಣ್ವಗಳಿಂದ ಅದನ್ನು ಸಕ್ಕರೆಯಾಗಿಸಿ, ಯೀಸ್ಟಿಗೆ ಉಣಿಸಿದರೆ ಅದು ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡುಗಳಾಗಿ ಒಡೆಯುತ್ತದೆ. 180 ಗ್ರಾಂ ಗ್ಲೂಕೋಸಿನಿಂದ 92 ಗ್ರಾಂ ಮದ್ಯಸಾರ ಬರುತ್ತದೆ. ತೂಕದಲ್ಲಿ ಅರ್ಧದಷ್ಟು ಅನಿಲವಾಗಿ ಹಾರಿಹೋದರೂ ಗ್ಲೂಕೋಸಿನಲ್ಲಿದ್ದ ದಹನಶಕ್ತಿಯ ಶೇಕಡಾ 97ರಷ್ಟು ಮದ್ಯಸಾರದಲ್ಲಿ ಉಳಿಯುತ್ತದೆ. ಮನುಷ್ಯನು ಕಟ್ಟಿದ ಯಾವ ಯಂತ್ರವೂ ನಾಚಬೇಕಾದ ದಕ್ಷತೆ ಇದು. ಆದುದರಿಂದ ಸೋರಿಕೆ ಇರುವುದು ಯೀಸ್ಟಿನಲ್ಲಿ ಅಲ್ಲ. ಅದರ ಹಿಂದೆ ಮತ್ತು ಮುಂದೆ ನಾವು ಮಾಡುವ ಕೆಲಸಗಳಲ್ಲಿ.

ಹುಳಿತ ಗಂಜಿಯಲ್ಲಿ ಮದ್ಯಸಾರ ಶೇಕಡಾ 12ರಿಂದ 15ರಷ್ಟಿದ್ದರೆ ಹೆಚ್ಚು. ಉಳಿದುದೆಲ್ಲ ಮುಖ್ಯವಾಗಿ ನೀರು. ಅದನ್ನು ಕಾಯಿಸಿ ಬಟ್ಟಿ ಇಳಿಸಿದರೂ ತೂಕದಲ್ಲಿ ಸುಮಾರು ಶೇಕಡಾ 95.6ರ ಬಳಿ ಬಂದು ನಿಲ್ಲುತ್ತದೆ. ಉಳಿದ ನೀರನ್ನು ಹೀರಲು ಬೇರೆ ಉಪಕರಣ ಬೇಕು. ಕೆಳಗುಳಿದ ತೇವದ ಹಿಂಡಿಯನ್ನು ದೂರ ಸಾಗಿಸಬೇಕಾದರೆ ಒಣಗಿಸಬೇಕು. ಅದಕ್ಕೂ ಉರಿ ಬೇಕು. ಇಂದಿನ ಒಳ್ಳೆಯ ಕಾರ್ಖಾನೆಯು ಒಂದು ಗ್ಯಾಲನ್ ಎಥನಾಲಿಗೆ ಸುಮಾರು 25,000 ಬಿಟಿಯು ನೈಸರ್ಗಿಕ ಅನಿಲವನ್ನು ಉರಿಸುತ್ತದೆ. ಒಂದು ಗ್ಯಾಲನ್ ಎಥನಾಲಿನಲ್ಲಿ ಇರುವುದು ಸುಮಾರು 76,000 ಬಿಟಿಯು. ಅಂದರೆ ಮೂರನೆಯ ಒಂದು ಭಾಗ ಕಾರ್ಖಾನೆಯ ಒಲೆಗೇ ಸಂದಿತು. ಪೆಟ್ರೋಲಿನ ಗ್ಯಾಲನ್ನಿನಲ್ಲಿ ಸುಮಾರು 115,000 ಬಿಟಿಯು ಇರುತ್ತದೆಂಬುದನ್ನೂ ಇಲ್ಲಿ ನೆನಪಿಡಬೇಕು. ಮೂರು ಗ್ಯಾಲನ್ ಎಥನಾಲ್ ಎರಡು ಗ್ಯಾಲನ್ ಪೆಟ್ರೋಲಿಗೆ ಸಮ.

ಇನ್ನು ಹೊಲದ ಖರ್ಚು. ಟ್ರಾಕ್ಟರಿನ ಡೀಸೆಲ್, ಕಾಳು ಒಣಗಿಸುವ ಅನಿಲ, ಕಳೆನಾಶಕ, ಬೀಜ ಇವೆಲ್ಲ ಇವೆ. ಆದರೆ ದೊಡ್ಡ ಪಾಲು ಸಾರಜನಕ ಗೊಬ್ಬರದ್ದು. ಗಾಳಿಯಲ್ಲಿರುವ ಸಾರಜನಕವನ್ನು ಅಮೋನಿಯವಾಗಿಸಲು ನೈಸರ್ಗಿಕ ಅನಿಲವೇ ಕಚ್ಚಾ ಪದಾರ್ಥ, ಅದೇ ಉರುವಲು. ಸ್ಥೂಲವಾಗಿ ಗ್ಯಾಲನ್ನಿಗೆ 10,000 ಬಿಟಿಯುವಿನ ಆಸುಪಾಸು ಹೊಲದಲ್ಲಿ, ಅದಕ್ಕಿಂತ ಸ್ವಲ್ಪ ಕಡಿಮೆ ಕಾರ್ಖಾನೆಯ ವಿದ್ಯುತ್ತಿನಲ್ಲಿ ಎಂದು ಹಿಡಿದರೆ, 76,000 ಪಡೆಯಲು 40,000ಕ್ಕಿಂತ ಸ್ವಲ್ಪ ಹೆಚ್ಚು ಸುರಿದಂತಾಯಿತು. ಸೂರ್ಯನ ಬಿಸಿಲನ್ನು ಯಾರೂ ಖರ್ಚಿನಲ್ಲಿ ಬರೆಯುವುದಿಲ್ಲ, ಏಕೆಂದರೆ ಅದು ಯಾರ ಉಗ್ರಾಣದಿಂದಲೂ ಕರಗುವುದಿಲ್ಲ. ಕರಗುವ ಭೂಗರ್ಭ ಇಂಧನವನ್ನು ಮಾತ್ರ ಬರೆಯುತ್ತಾರೆ.

ಪಂಡಿತರ ಭಿನ್ನಾಭಿಪ್ರಾಯ

ಈ ಲೆಕ್ಕದ ಸುತ್ತ ನಡೆದ ದೀರ್ಘ ವಿವಾದದ ಒಂದು ಕೇಂದ್ರ ನ್ಯೂಯಾರ್ಕ್ ರಾಜ್ಯದ ಇಥಾಕ. ಅಲ್ಲಿಯ ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಪಿಮೆಂಟಲ್ ಅವರು ಮೂಲತಃ ಕೀಟಶಾಸ್ತ್ರಜ್ಞರು. ಮೆಕ್ಕೆಜೋಳ ಬೆಳೆಯಲು ಎಷ್ಟು ಶಕ್ತಿ ವ್ಯಯವಾಗುತ್ತದೆಂದು 1973ರಷ್ಟು ಹಿಂದೆಯೇ ಲೆಕ್ಕ ಹಾಕಿ ಪ್ರಕಟಿಸಿದವರು. 2005ರಲ್ಲಿ ಅವರು ಬರ್ಕ್‌ಲಿಯ ಟಾಡ್ ಪಾಟ್ಜೆಕ್ ಅವರೊಡನೆ ಬರೆದ ಪ್ರಬಂಧದ ಪ್ರಕಾರ, ಮೆಕ್ಕೆಜೋಳದ ಎಥನಾಲ್ ಕೊಡುವ ಶಕ್ತಿಗಿಂತ ಅದನ್ನು ಮಾಡಲು ಬೇಕಾದ ಭೂಗರ್ಭ ಇಂಧನದ ಶಕ್ತಿ ಶೇಕಡಾ 29ರಷ್ಟು ಹೆಚ್ಚು. ಅಂದರೆ ಶುದ್ಧ ನಷ್ಟ. ಇನ್ನೊಂದು ಕಡೆ ಅಮೆರಿಕದ ಕೃಷಿ ಇಲಾಖೆಯ ಅರ್ಥಶಾಸ್ತ್ರಜ್ಞರು 1995ರಲ್ಲಿ ಒಂದು ಪಾಲು ಖರ್ಚಿಗೆ 1.24 ಪಾಲು, 2002ರಲ್ಲಿ 1.34, 2004ರಲ್ಲಿ 1.67 ಪಾಲು ದೊರೆಯುತ್ತದೆಂದು ವರದಿ ಮಾಡಿದರು. 2010ರ ನಂತರದ ಅವರ ವರದಿಗಳಲ್ಲಿ ಅದು 2ರ ಆಸುಪಾಸಿಗೆ ಏರಿತು.

ಇಬ್ಬರೂ ಲೆಕ್ಕ ಬಲ್ಲವರೇ. ಕೂಡುವುದರಲ್ಲಿ ಕಳೆಯುವುದರಲ್ಲಿ ಇಬ್ಬರೂ ತಪ್ಪಿಲ್ಲ. ಹಾಗಿದ್ದರೆ ಉತ್ತರಗಳು ಏಕೆ ಬೇರೆ? ಅವರು ಲೆಕ್ಕದ ಗೆರೆಯನ್ನು ಎಳೆದ ಜಾಗಗಳು ಬೇರೆಯಾದ್ದರಿಂದ. ಪಿಮೆಂಟಲ್ ಅವರು ಟ್ರಾಕ್ಟರು ಮತ್ತು ಕಾರ್ಖಾನೆಯ ಉಕ್ಕು-ಸಿಮೆಂಟುಗಳನ್ನು ತಯಾರಿಸಲು ಹಿಡಿದ ಶಕ್ತಿಯನ್ನೂ, ದುಡಿಯುವವನ ಪಾಲಿನ ಶಕ್ತಿಯನ್ನೂ ಖರ್ಚಿಗೆ ಸೇರಿಸಿದರು. ಕೃಷಿ ಇಲಾಖೆಯವರು ಇವುಗಳಲ್ಲಿ ಹೆಚ್ಚಿನವನ್ನು ಬಿಟ್ಟರು. ಹಿಂಡಿಯ ವಿಷಯ ಇದಕ್ಕಿಂತ ಮಹತ್ವದ್ದು. ಒಂದು ಬುಶೆಲ್ ಕಾಳಿನಲ್ಲಿ ಸುಮಾರು 17 ಪೌಂಡು, ಅಂದರೆ ಮೂರನೆಯ ಒಂದು ಭಾಗಕ್ಕಿಂತ ತುಸು ಕಡಿಮೆ, ಸಸಾರಜನಕ ತುಂಬಿದ ಪಶು ಆಹಾರವಾಗಿ ಮರಳುತ್ತದೆ. ಆ ಹಿಂಡಿ ಇಲ್ಲದಿದ್ದರೆ ಬೇರೆ ಮೇವನ್ನು ಬೆಳೆಯಬೇಕಿತ್ತು. ಆ ಉಳಿತಾಯವನ್ನು ಜಮೆಗೆ ಹಾಕಬೇಕೆಂದು ಒಂದು ಪಕ್ಷ. ಹಾಕಿದರೂ ಅದು ಅಲ್ಪವೆಂದು ಇನ್ನೊಂದು ಪಕ್ಷ.

2006ರ ಜನವರಿಯಲ್ಲಿ ಬರ್ಕ್‌ಲಿಯ ಅಲೆಕ್ಸಾಂಡರ್ ಫ್ಯಾರೆಲ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಇಂತಹ ಆರು ಅಧ್ಯಯನಗಳನ್ನು ಒಂದೇ ಗೆರೆಯೊಳಗೆ ತಂದು ತೂಗಿದರು. ನಷ್ಟವೆಂದು ಹೇಳಿದ ಅಧ್ಯಯನಗಳು ಹಿಂಡಿಯನ್ನು ಜಮೆಗೆ ಹಾಕಿರಲಿಲ್ಲ, ಕೆಲವು ಹಳೆಯ ಅಂಕಿಗಳನ್ನು ಬಳಸಿದ್ದವು ಎಂದು ಅವರು ಕಂಡರು. ನಿವ್ವಳ ಶಕ್ತಿಯು ಲಾಭದ ಕಡೆಗೇ ಇದೆ, ಆದರೆ ಲಾಭ ದೊಡ್ಡದಲ್ಲ ಎಂಬುದು ಅವರ ತೀರ್ಮಾನ. ಅವರು ಇನ್ನೂ ಒಂದು ಮಾತನ್ನು ಸೇರಿಸಿದರು. ಎಥನಾಲ್ ಮಾಡಲು ಹಿಡಿಯುವ ಶಕ್ತಿಯಲ್ಲಿ ಪೆಟ್ರೋಲಿಯಂ ಪಾಲು ಬಹಳ ಸಣ್ಣದು. ಬಹುಭಾಗ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲು. ಅಂದರೆ ಧಾನ್ಯದ ಎಥನಾಲ್ ಎಂಬುದು ಒಂದು ಅಂಶದಲ್ಲಿ ಅನಿಲವನ್ನೂ ಕಲ್ಲಿದ್ದಲನ್ನೂ ಕಾರಿನ ಟ್ಯಾಂಕಿಗೆ ಹೊಂದುವ ದ್ರವವಾಗಿ ಮಾರ್ಪಡಿಸುವ ಉಪಾಯ. ತೈಲದ ಆಮದನ್ನು ಕಡಿಮೆ ಮಾಡುವುದೇ ಗುರಿಯಾದರೆ ಅದು ಆ ಕೆಲಸವನ್ನು ಮಾಡುತ್ತದೆ.

ಎಥನಾಲ್ ಪರವಾಗಿ ಆಗಾಗ ಕೇಳಿಬರುವ ವಾದವೊಂದುಂಟು: 'ಪೆಟ್ರೋಲೂ ನಷ್ಟದ ಬಾಬೇ, ಒಂದು ಪಾಲು ಹಾಕಿದರೆ 0.8 ಪಾಲು ಮಾತ್ರ ಬರುತ್ತದೆ.' ಈ ಸಂಖ್ಯೆ ಸುಳ್ಳಲ್ಲ. ಆದರೆ ಅಲ್ಲಿ ನೆಲದಿಂದ ತೆಗೆದ ಕಚ್ಚಾ ತೈಲದೊಳಗಿನ ಶಕ್ತಿಯನ್ನೇ ಖರ್ಚಿನಲ್ಲಿ ಬರೆಯಲಾಗಿದೆ. ಎಥನಾಲಿನ ಲೆಕ್ಕದಲ್ಲಿ ಕಾಳಿನೊಳಗಿನ ಶಕ್ತಿಯನ್ನು ಹಾಗೆ ಬರೆದಿಲ್ಲ. ಬುಗ್ಗೆಯ ನೀರಿಗೂ ತೊಟ್ಟಿಯ ನೀರಿಗೂ ಒಂದೇ ಅಳತೆ ಹಿಡಿದಂತಾಯಿತು ಇದು. ಭೂಗರ್ಭ ಸಂಪತ್ತು ಎಷ್ಟು ಕರಗಿತೆಂಬ ಪ್ರಶ್ನೆಗೆ ಈ ಹೋಲಿಕೆ ಉತ್ತರ ಕೊಡುತ್ತದೆ. ನಾಗರಿಕತೆಯ ಕೈಗೆ ಎಷ್ಟು ಶಕ್ತಿ ಮಿಕ್ಕಿತೆಂಬ ಪ್ರಶ್ನೆಗೆ ಕೊಡುವುದಿಲ್ಲ.

ಒಂದು ಎಕರೆಯ ಲೆಕ್ಕ

ಅನುಪಾತಗಳು ಕಿವಿಗೆ ಹಿತವಾಗಿ ಕೇಳಿಸಿದರೂ ಅವುಗಳ ಅರ್ಥ ಬೇಗ ಹೊಳೆಯುವುದಿಲ್ಲ. 1.25 ಎಂದರೆ ತಯಾರಾದ ಐದು ಗ್ಯಾಲನ್ನುಗಳಲ್ಲಿ ನಾಲ್ಕು ತಯಾರಿಕೆಯ ಸಾಲಕ್ಕೇ ವಜಾ, ಉಳಿಯುವುದು ಒಂದು. 1.5 ಆದರೆ ಮೂರರಲ್ಲಿ ಒಂದು. 2 ಆದರೆ ಎರಡರಲ್ಲಿ ಒಂದು. ಅಮೆರಿಕದ ಒಂದು ಎಕರೆ ಮೆಕ್ಕೆಜೋಳ ಇಂದು ಸರಾಸರಿ 175 ಬುಶೆಲ್ ಕಾಳನ್ನು, ಅದರಿಂದ ಸುಮಾರು 490 ಗ್ಯಾಲನ್ ಎಥನಾಲನ್ನು ಕೊಡುತ್ತದೆ. ಅತ್ಯಂತ ಉದಾರವಾದ ಅನುಪಾತ 2 ಎಂದೇ ಹಿಡಿಯೋಣ. ನಿವ್ವಳ ಉಳಿಯುವುದು 245 ಗ್ಯಾಲನ್. ಪೆಟ್ರೋಲಿಗೆ ಸಮನಾಗಿ ಸುಮಾರು 160 ಗ್ಯಾಲನ್. ನಾವು ಮೊದಲು ಹೇಳಿದ ಕಾರಿಗೆ ವರ್ಷಕ್ಕೆ 480 ಗ್ಯಾಲನ್ ಬೇಕು. ಹಿಂಡಿಯಾಗಿ ಮರಳುವುದನ್ನು ಬದಿಗಿಟ್ಟರೆ, ಒಂದು ಕಾರನ್ನು ನಿಜವಾಗಿ ಧಾನ್ಯದ ಬಲದಿಂದಲೇ ಓಡಿಸಲು ಮೂರು ಎಕರೆ ಫಲವತ್ತಾದ ಭೂಮಿ ಬೇಕು. ಎರಡು ಕಾರುಗಳ ಮನೆಗೆ ಆರು ಎಕರೆ. ನಮ್ಮ ಊರುಗಳಲ್ಲಿ ಎಷ್ಟು ಕುಟುಂಬಗಳ ಹಿಡುವಳಿ ಆರು ಎಕರೆ ಇದೆಯೆಂಬುದನ್ನು ತಾವೇ ಯೋಚಿಸಬಹುದು.

ಭೂಮಿಯ ಈ ಪ್ರಶ್ನೆಯನ್ನು ಲೆಕ್ಕಪುಸ್ತಕದೊಳಕ್ಕೆ ತಂದವರಲ್ಲಿ ನಮ್ಮ ನೆರೆಯವರೊಬ್ಬರಿದ್ದಾರೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಟಿಮೊಥಿ ಸರ್ಚಿಂಜರ್ ಮತ್ತು ಸಂಗಡಿಗರು 2008ರಲ್ಲಿ, ಒಂದು ಕಡೆ ಧಾನ್ಯವನ್ನು ಇಂಧನಕ್ಕೆ ತಿರುಗಿಸಿದರೆ ಆ ಕೊರತೆಯನ್ನು ತುಂಬಲು ಮತ್ತೊಂದು ಕಡೆ ಕಾಡನ್ನೋ ಹುಲ್ಲುಗಾವಲನ್ನೋ ಉಳುತ್ತಾರೆ, ಅಲ್ಲಿಂದ ಹೊರಡುವ ಇಂಗಾಲವನ್ನೂ ಎಥನಾಲಿನ ಖಾತೆಗೇ ಬರೆಯಬೇಕು ಎಂದು ವಾದಿಸಿದರು. ಹಾಗೆ ಬರೆದರೆ 30 ವರ್ಷಗಳ ಅವಧಿಯಲ್ಲಿ ಹಸಿರುಮನೆ ಅನಿಲಗಳು ಕಡಿಮೆಯಾಗುವ ಬದಲು ಬಹುಮಟ್ಟಿಗೆ ಇಮ್ಮಡಿಯಾಗುತ್ತವೆ ಎಂಬುದು ಅವರ ಅಂದಾಜು. ತರುವಾಯದ ಹಲವು ಅಧ್ಯಯನಗಳು ಈ ಅಂದಾಜನ್ನು ತಗ್ಗಿಸಿವೆ. ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದವರು 2021ರಲ್ಲಿ ಎಥನಾಲ್ ಪೆಟ್ರೋಲಿಗಿಂತ ಶೇಕಡಾ 40ರಿಂದ 50ರಷ್ಟು ಮೇಲು ಎಂದರೆ, 2022ರಲ್ಲಿ ಟೈಲರ್ ಲಾರ್ಕ್ ಮತ್ತು ಸಂಗಡಿಗರು ಅದು ಪೆಟ್ರೋಲಿಗಿಂತ ಮೇಲಲ್ಲ, ಪ್ರಾಯಶಃ ಶೇಕಡಾ 24ರಷ್ಟಾದರೂ ಕೀಳು ಎಂದರು. ಇಲ್ಲಿಯೂ ವಿವಾದದ ಬೇರು ಒಂದೇ: ಗೆರೆ ಹೊಲದ ಬದುವಿಗೆ ನಿಲ್ಲಬೇಕೆ, ಅಥವಾ ಆಚೆಯ ಕಾಡಿನವರೆಗೆ ಹೋಗಬೇಕೆ?

ಪ್ರಿನ್ಸ್‌ಟನ್ನಿನಿಂದ ಪುರ ಗ್ರಾಮಕ್ಕೆ

ಪ್ರಿನ್ಸ್‌ಟನ್ನಿನ ಹೆಸರು ಬಂದಾಗ ಕನ್ನಡಿಗರಾದ ನಮಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿ ಅವರು ನೆನಪಾಗುವುದು ಸಹಜ. 1930ರಲ್ಲಿ ಜನಿಸಿ 2006ರಲ್ಲಿ ನಿಧನರಾದ ಅವರು, 1974ರಲ್ಲಿ ಗ್ರಾಮಗಳಿಗೆ ವಿಜ್ಞಾನವನ್ನು ಒಯ್ಯುವ 'ಅಸ್ತ್ರ' ಎಂಬ ಕೇಂದ್ರವನ್ನು ಆ ಸಂಸ್ಥೆಯಲ್ಲಿ ಆರಂಭಿಸಿದರು. ಪ್ರಿನ್ಸ್‌ಟನ್ನಿನ ರಾಬರ್ಟ್ ವಿಲಿಯಮ್ಸ್, ಬ್ರೆಜಿಲಿನ ಜೋಸೆ ಗೋಲ್ಡೆಂಬರ್ಗ್, ಸ್ವೀಡನ್ನಿನ ಥಾಮಸ್ ಯೋಹಾನ್ಸನ್ ಅವರೊಡನೆ ಸೇರಿ ಜಗತ್ತಿನ ಶಕ್ತಿನೀತಿಯನ್ನು ಕುರಿತು ಅವರು ಬರೆದ ಗ್ರಂಥ 1988ರಲ್ಲಿ ಪ್ರಕಟವಾಯಿತು. ಈ ನಾಲ್ವರಲ್ಲಿ ಗೋಲ್ಡೆಂಬರ್ಗ್ ಅವರು 1978ರಷ್ಟು ಹಿಂದೆಯೇ ಬ್ರೆಜಿಲಿನ ಕಬ್ಬಿನ ಎಥನಾಲಿಗೆ ಶಕ್ತಿಯ ಜಮಾ-ಖರ್ಚು ಬರೆದವರಲ್ಲೊಬ್ಬರು. ಕಬ್ಬಿನ ಸಿಪ್ಪೆಯೇ ಒಲೆಗೆ ಉರುವಲಾಗುವುದರಿಂದ ಅಲ್ಲಿ ಒಂದಕ್ಕೆ ಎಂಟು ಪಾಲಿನಷ್ಟು ಬರುತ್ತದೆಂದು ಇತ್ತೀಚಿನ ಅಧ್ಯಯನಗಳು ಹೇಳುತ್ತವೆ. ಧಾನ್ಯಕ್ಕೂ ಕಬ್ಬಿಗೂ ಇರುವ ದೊಡ್ಡ ಅಂತರ ಯೀಸ್ಟಿನದಲ್ಲ, ಒಲೆಯದು.

ರೆಡ್ಡಿಯವರ ತಂಡ 1970ರ ದಶಕದ ಕೊನೆಯಲ್ಲಿ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಚಿಕ್ಕ ಗ್ರಾಮದಲ್ಲಿ ಮನೆಮನೆಗೆ ಹೋಗಿ ಶಕ್ತಿಯ ಲೆಕ್ಕ ಬರೆದುಕೊಂಡಿತು. ಊರಿನ ಒಟ್ಟು ಶಕ್ತಿಯಲ್ಲಿ ಬಹುಪಾಲು ಸೌದೆ, ಅದರಲ್ಲಿಯೂ ಬಹುಭಾಗ ಅಡುಗೆಗೆ. ವಿದ್ಯುತ್ತಿನ ಪಾಲು ನಗಣ್ಯ. ಹೆಂಗಸರೂ ಮಕ್ಕಳೂ ಸೌದೆಗಾಗಿ ನೀರಿಗಾಗಿ ನಡೆದ ನಡಿಗೆಯೂ ಅದರಲ್ಲಿ ದಾಖಲಾಯಿತು. ಸರ್ಕಾರಿ ಅಂಕಿ-ಅಂಶಗಳಲ್ಲಿ ಇಂತಹ ಶಕ್ತಿಗೆ ಕಾಲಮ್ಮೇ ಇರಲಿಲ್ಲ. ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

'ಶಕ್ತಿ ಎಷ್ಟು ಬೇಕು' ಎಂದು ಕೇಳುವ ಮೊದಲು 'ಯಾವ ಕೆಲಸಕ್ಕೆ ಬೇಕು' ಎಂದು ಕೇಳಬೇಕೆಂಬುದು ರೆಡ್ಡಿಯವರ ಮುಖ್ಯ ಬೋಧೆ. ಭಾರತದ ತೈಲ ಸಮಸ್ಯೆಗೆ ಅವರು ಸೂಚಿಸಿದ ಪರಿಹಾರವೂ ಹಾಗೆಯೇ ವಿಲಕ್ಷಣವಾಗಿತ್ತು. ಬಡವರ ದೀಪಕ್ಕೆಂದು ಸೀಮೆಎಣ್ಣೆಯ ಬೆಲೆಯನ್ನು ಆಗ ತಗ್ಗಿಸಿದ್ದರು. ಕಲಬೆರಕೆಯ ಭಯದಿಂದ ಡೀಸೆಲ್ ಬೆಲೆಯನ್ನೂ ತಗ್ಗಿಸಬೇಕಾಗಿತ್ತು. ಡೀಸೆಲ್ ಅಗ್ಗವಾದುದರಿಂದ ಸರಕು ರೈಲನ್ನು ಬಿಟ್ಟು ಲಾರಿಗೆ ಹೋಗಿತ್ತು. ಆದುದರಿಂದ ತೈಲದ ಆಮದು ತಗ್ಗಬೇಕಾದರೆ ಮೊದಲು ಗುಡಿಸಲುಗಳಿಗೆ ವಿದ್ಯುದ್ದೀಪ ಕೊಡಿ ಎಂದರು ಅವರು. ಒಂದು ಇಂಧನಕ್ಕೆ ಬದಲು ಇನ್ನೊಂದನ್ನು ಹುಡುಕುವವನಿಗೆ ಈ ದಾರಿ ಹೊಳೆಯುವುದಿಲ್ಲ. ಕೆಲಸವನ್ನು ನೋಡುವವನಿಗೆ ಹೊಳೆಯುತ್ತದೆ.

ಅದೇ ಕಣ್ಣಿನಿಂದ ನೋಡಿದರೆ ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನವೂ ನಮ್ಮ ವಿಷಯಕ್ಕೆ ಸೇರುತ್ತದೆ. ಸುಮಾರು 13,000 ಎಕರೆ ಒಣಭೂಮಿಯಲ್ಲಿ 2,050 ಮೆಗಾವಾಟ್ ಸ್ಥಾಪಿತ ಸಾಮರ್ಥ್ಯ. ಎಕರೆಗೆ ವರ್ಷಕ್ಕೆ ಎರಡು ಲಕ್ಷ ಯೂನಿಟ್ಟಿಗೂ ಮಿಗಿಲು ವಿದ್ಯುತ್ತು ಎಂದು ಲೆಕ್ಕ ಬರುತ್ತದೆ. ವಿದ್ಯುತ್ ಕಾರು ಯೂನಿಟ್ಟಿಗೆ ಸುಮಾರು ಮೂರು ಮೈಲಿ ಓಡಿದರೆ ಅದು ಆರು ಲಕ್ಷ ಮೈಲಿ. ಅಮೆರಿಕದ ಒಂದು ಎಕರೆ ಮೆಕ್ಕೆಜೋಳದ ಎಥನಾಲ್, ಖರ್ಚನ್ನು ಕಳೆಯದೆಯೂ, ಒಂದು ಕಾರನ್ನು ಸುಮಾರು 8,000 ಮೈಲಿ ಓಡಿಸೀತು. ಫಲಕಗಳನ್ನು ತಯಾರಿಸಲು ಶಕ್ತಿ ಬೇಕು, ರಾತ್ರಿಗೆ ಸಂಗ್ರಹ ಬೇಕು, ಎಲ್ಲ ವಾಹನಗಳೂ ವಿದ್ಯುತ್ತಿನಿಂದ ಓಡಲಾರವು ಎಂಬುದನ್ನೆಲ್ಲ ಒಪ್ಪಿಕೊಂಡರೂ ಈ ಅಂತರ ಸಣ್ಣದಲ್ಲ.

ಕರ್ನಾಟಕದ ಮುಂದಿರುವ ಪ್ರಶ್ನೆ

ಮದ್ಯಸಾರವನ್ನು ಇಂಧನವಾಗಿ ಬಳಸುವ ಯೋಚನೆ ನಮ್ಮ ನಾಡಿಗೆ ಹೊಸದಲ್ಲ. ಭಾರತ ಸರ್ಕಾರ 1948ರಲ್ಲಿಯೇ ಪವರ್ ಆಲ್ಕೋಹಾಲ್ ಕಾಯಿದೆಯನ್ನು ತಂದಿತ್ತು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ; ಸಕ್ಕರೆ ತೆಗೆದು ಮಿಕ್ಕ ಕಾಕಂಬಿಯಿಂದ ಮದ್ಯಸಾರ ತೆಗೆಯುವುದು ಅಂತಹ ಊರುಗಳಿಗೆಲ್ಲ ಪರಿಚಿತ ಕೆಲಸ. ಮಿಕ್ಕ ಪದಾರ್ಥದಿಂದ ಇಂಧನ ಮಾಡುವಾಗ ಭೂಮಿಯ ಪ್ರಶ್ನೆ ಹೆಚ್ಚಾಗಿ ಏಳುವುದಿಲ್ಲ. ಈಗಿನ ಸಂಗತಿ ಬೇರೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಮತ್ತು 2021ರ ನೀತಿ ಆಯೋಗದ ಮಾರ್ಗಸೂಚಿಯ ನಂತರ ಪೆಟ್ರೋಲಿಗೆ ಶೇಕಡಾ 20 ಎಥನಾಲ್ ಬೆರೆಸುವ ಗುರಿಯನ್ನು 2030ರಿಂದ 2025ಕ್ಕೆ ಹಿಂದಕ್ಕೆ ತರಲಾಯಿತು. 2025ರಲ್ಲಿ ಅದನ್ನು ಮುಟ್ಟಿಯೂ ಆಯಿತು. ಅಷ್ಟು ಎಥನಾಲ್ ಕಬ್ಬಿನಿಂದ ಮಾತ್ರ ಹುಟ್ಟಲಾರದು. 2023-24ರ ಸಾಲಿನಲ್ಲಿ ಸರಬರಾಜಾದ ಎಥನಾಲಿನಲ್ಲಿ ಶೇಕಡಾ 40ಕ್ಕೂ ಹೆಚ್ಚು ಮೆಕ್ಕೆಜೋಳದ್ದು. ಮೆಕ್ಕೆಜೋಳವನ್ನು ರಫ್ತು ಮಾಡುತ್ತಿದ್ದ ಭಾರತ 2024ರಲ್ಲಿ ಆಮದು ಮಾಡಿಕೊಳ್ಳುವ ದೇಶವಾಯಿತು.

ಅಕ್ಕಿಯ ಕಥೆಯೂ ಹೀಗೆಯೇ. 2023ರ ಜೂನಿನಲ್ಲಿ ಕರ್ನಾಟಕ ಸರ್ಕಾರ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿಯನ್ನು ಕೇಳಿದಾಗ ಕೇಂದ್ರದ ಉಗ್ರಾಣದಿಂದ ರಾಜ್ಯಗಳಿಗೆ ಮಾರಾಟ ನಿಂತಿತು; ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ಹಣ ಕೊಡಬೇಕಾಯಿತು. ಮರುತಿಂಗಳು ಎಥನಾಲ್ ಕಾರ್ಖಾನೆಗಳಿಗೂ ಆ ಅಕ್ಕಿ ನಿಂತಿತು. ಮುಂದೆ ದಾಸ್ತಾನು ಹೆಚ್ಚಾದ ಮೇಲೆ 2025ರಲ್ಲಿ ಕಿಲೋಗೆ 22 ರೂಪಾಯಿ 50 ಪೈಸೆಯಂತೆ ಮತ್ತೆ ಕಾರ್ಖಾನೆಗಳಿಗೆ ಬಿಡಲಾಯಿತು. ತಟ್ಟೆ ಮತ್ತು ಟ್ಯಾಂಕು ಒಂದೇ ಉಗ್ರಾಣದ ಬಾಗಿಲಲ್ಲಿ ನಿಂತಾಗ ಏನಾಗುತ್ತದೆಂಬುದಕ್ಕೆ ಇದು ನಿದರ್ಶನ.

ಈ ಸಂದರ್ಭದಲ್ಲಿ ಅಮೆರಿಕದ ಅನುಪಾತವನ್ನು ನಾವು ಹಾಗೆಯೇ ಎತ್ತಿಕೊಳ್ಳುವುದು ಅಪಾಯಕರ. ಕರ್ನಾಟಕದ ಮೆಕ್ಕೆಜೋಳದ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು ಮೂರು ಟನ್, ಎಕರೆಗೆ ಹನ್ನೆರಡು ಕ್ವಿಂಟಲಿನ ಆಸುಪಾಸು. ಟನ್ನಿಗೆ 380 ಲೀಟರಿನಂತೆ ಎಕರೆಗೆ ಸುಮಾರು 460 ಲೀಟರ್ ಎಥನಾಲ್; ಅಮೆರಿಕದ ಎಕರೆಯ ನಾಲ್ಕನೆಯ ಒಂದು ಭಾಗ. ನಮ್ಮದು ಬಹುಮಟ್ಟಿಗೆ ಮಳೆಯಾಶ್ರಿತ ಬೆಳೆಯಾದ್ದರಿಂದ, ಕಾಳನ್ನು ಅನಿಲದಿಂದಲ್ಲ ಬಿಸಿಲಲ್ಲಿ ಒಣಗಿಸುವುದರಿಂದ ಕೆಲವು ಖರ್ಚುಗಳು ಕಡಿಮೆ. ಆದರೆ ಕಾರ್ಖಾನೆಯ ಒಲೆಗೆ ಕಲ್ಲಿದ್ದಲು ಹಾಕಿದರೆ ಆ ಉಳಿತಾಯ ಹೊಗೆಯಾಗಿ ಹೋಗುತ್ತದೆ. ಬ್ರೆಜಿಲಿನ ಕಬ್ಬಿನ ಅನುಪಾತವೂ ನಮ್ಮದಾಗದು. ಅಲ್ಲಿಯ ಸಾವೊ ಪಾವ್ಲೊ ಸೀಮೆಯ ಕಬ್ಬು ಹೆಚ್ಚಾಗಿ ಮಳೆಯಿಂದ ಬೆಳೆಯುತ್ತದೆ. ನಮ್ಮದು ಕಾಲುವೆ ಮತ್ತು ಪಂಪ್‌ಸೆಟ್ಟುಗಳಿಂದ. ಕರ್ನಾಟಕದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಭಾಗ ನೀರೆತ್ತಲು ಹೋಗುತ್ತದೆ. ರೈತನಿಗೆ ಅದು ಉಚಿತವಾಗಿರಬಹುದು. ಶಕ್ತಿಯ ಲೆಕ್ಕಪುಸ್ತಕದಲ್ಲಿ ಉಚಿತವೆಂಬ ಕಾಲಮ್ಮಿಲ್ಲ.

ಆದುದರಿಂದ ಕರ್ನಾಟಕ ತನ್ನದೇ ಜಮಾ-ಖರ್ಚನ್ನು ಬರೆಯಬೇಕು. ಕಾರ್ಖಾನೆಯ ಒಲೆಗೆ ಕಲ್ಲಿದ್ದಲೇ, ಅಥವಾ ಕಾಳು ಬಿಡಿಸಿ ಉಳಿದ ತೆನೆಯ ದಿಂಡೂ ಭತ್ತದ ಹೊಟ್ಟೂ ಸಾಕೆ? ಹಿಂಡಿಯನ್ನು ಹತ್ತಿರದ ಹೈನುಗಾರರು ತೇವದಲ್ಲೇ ಒಯ್ಯಬಲ್ಲರೆ, ಒಣಗಿಸುವ ಉರುವಲು ಉಳಿದೀತೆ? ಗೊಬ್ಬರ ಎಷ್ಟು, ನೀರು ಎಲ್ಲಿಯದು? ಮೆಕ್ಕೆಜೋಳ ವಿಸ್ತರಿಸಿದರೆ ಹೊಲದಿಂದ ಹೊರಗೆ ಹೋಗುವುದು ರಾಗಿಯೋ, ಬಿಳಿಜೋಳವೋ, ತೊಗರಿಯೋ? ಈ ಪ್ರಶ್ನೆಗಳಿಗೆ ಉತ್ತರ ಇಥಾಕದಲ್ಲಾಗಲಿ ವಾಷಿಂಗ್ಟನ್ನಿನಲ್ಲಾಗಲಿ ಸಿಗುವುದಿಲ್ಲ. ಪುರ ಗ್ರಾಮದಲ್ಲಿ ಮಾಡಿದಂತೆ ರಾಣೇಬೆನ್ನೂರು, ಹರಪನಹಳ್ಳಿಗಳ ಹೊಲಗಳಿಗೆ ಹೋಗಿ ಬರೆದುಕೊಳ್ಳಬೇಕು.

ರೈತನ ಮಾತನ್ನು ಮರೆತು ಈ ಉಪನ್ಯಾಸವನ್ನು ಮುಗಿಸುವುದು ನ್ಯಾಯವಲ್ಲ. 2025ರ ನವೆಂಬರಿನಲ್ಲಿ ಗದಗ, ಹಾವೇರಿ ಜಿಲ್ಲೆಗಳ ಮೆಕ್ಕೆಜೋಳದ ಬೆಳೆಗಾರರು ಬೀದಿಗಿಳಿದರು. ಬೆಂಬಲ ಬೆಲೆ ಕ್ವಿಂಟಲ್ಲಿಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ದೊರೆಯುತ್ತಿದ್ದುದು 2,000ಕ್ಕೂ ಕಡಿಮೆ. ಎಥನಾಲ್ ಕಾರ್ಖಾನೆಗಳು ಹೆಚ್ಚು ಕೊಳ್ಳಲಿ ಎಂಬುದು ಅವರ ನಿರೀಕ್ಷೆಯಾಗಿದ್ದರೆ ಅದನ್ನು ಅಲ್ಲಗಳೆಯುವ ಅಧಿಕಾರ, ಇಲ್ಲಿ ಕುಳಿತು ಟ್ಯಾಂಕು ತುಂಬಿಸಿಕೊಳ್ಳುವ ನಮಗಿಲ್ಲ. ಅಮೆರಿಕದಲ್ಲಿಯೂ ಎಥನಾಲನ್ನು ಇಷ್ಟು ವರ್ಷ ಎತ್ತಿಹಿಡಿದುದರಲ್ಲಿ ಶಕ್ತಿಯ ಲಾಭಕ್ಕಿಂತ ಅಯೋವ, ಇಲಿನಾಯ್‌ಗಳ ಕಾಳಿನ ಬೆಲೆಯ ಪಾತ್ರವೇ ದೊಡ್ಡದೆಂದು ನಾವು ಭಾವಿಸುತ್ತೇವೆ. ರೈತನ ಆದಾಯವನ್ನು ಕಾಯುವುದು ಗೌರವದ ಗುರಿ. ಆದರೆ ಅದನ್ನು ಅದರ ಹೆಸರಿನಿಂದಲೇ ಕರೆಯಬೇಕು. ಶಕ್ತಿಯ ಹೆಸರಿನಲ್ಲಿ ಬೆಲೆಯ ಬೆಂಬಲ ಕೊಟ್ಟರೆ ತೈಲದ ದರ ಇಳಿದ ದಿನ ಬೆಂಬಲವೂ ಇಳಿಯುತ್ತದೆ. ಅಷ್ಟರಲ್ಲಿ ರೈತ ರಾಗಿಯನ್ನು ಬಿಟ್ಟು ಬಂದಿರುತ್ತಾನೆ.

ಒಟ್ಟಿನಲ್ಲಿ ಹೇಳುವುದಾದರೆ, ಧಾನ್ಯದ ಎಥನಾಲ್ ನಷ್ಟದ ವ್ಯಾಪಾರವಲ್ಲ. ಆದರೆ ಅದರ ಲಾಭ ಸಣ್ಣದು, ಆ ಸಣ್ಣ ಲಾಭಕ್ಕೆ ಬೇಕಾದ ಭೂಮಿ ದೊಡ್ಡದು. ತೈಲಕ್ಕೆ ಒಂದಿಷ್ಟು ಬದಲಿಯಾಗಬಲ್ಲದು, ದೇಶವೊಂದರ ಶಕ್ತಿಯ ಮೂಲವಾಗಲಾರದು. ಮುಂದೆ ಯಾರಾದರೂ ನಮ್ಮೆದುರು 'ಒಂದಕ್ಕೆ ಎರಡು ಬರುತ್ತದೆ' ಎಂದೋ 'ಒಂದಕ್ಕೆ ಮುಕ್ಕಾಲು ಬರುತ್ತದೆ' ಎಂದೋ ಘೋಷಿಸಿದರೆ, ಒಪ್ಪುವ ಮೊದಲು ಅಲ್ಲಗಳೆಯುವ ಮೊದಲು ಒಂದೇ ಪ್ರಶ್ನೆಯನ್ನು ಕೇಳೋಣ: ತಮ್ಮ ಲೆಕ್ಕದ ಗೆರೆಯನ್ನು ಎಲ್ಲಿ ಎಳೆದಿದ್ದೀರಿ, ಯಾರನ್ನು ಹೊರಗೆ ಬಿಟ್ಟಿದ್ದೀರಿ? ಊರಿನಲ್ಲಿ ಜಮೀನು ಉಳಿಸಿಕೊಂಡಿರುವ ನಮ್ಮಲ್ಲಿ ಹಲವರಿಗೆ ಈ ಪ್ರಶ್ನೆ ಕೇವಲ ಬೌದ್ಧಿಕ ಕುತೂಹಲದ್ದಲ್ಲ. ಮುಂದಿನ ಮುಂಗಾರಿಗೆ ಏನು ಬಿತ್ತಬೇಕೆಂಬುದೂ ಅದರಲ್ಲಿ ಅಡಗಿದೆ.